ಗಿಣಿಮೀನಿನ ಬೈರಮ್ಮ

ಸಂಜೀವಯ್ಯ ಮೇಷ್ಟ್ರು ಬೈರಮ್ಮನ ಅಂಗಡಿಯ ಮೆಟ್ಟಿಲನ್ನು ಮೊದಲ ಸಲ ಹತ್ತಿದ ದಿನ ಒಳಗೆ ಆಗತಾನೇ ಒಂದು ಕೊಲೆ ನಡೆದಿತ್ತು.

ಅದು ಎಪ್ಪತ್ತಾರನೆಯ ಇಸವಿ. ಬೈರಸಂದ್ರದಿಂದ ಜಯನಗರದ ಕಡೆಗೆ ಬರುವ ರಸ್ತೆಯ ತಿರುವಿನಲ್ಲಿ ಸಾಲಾಗಿ ಕೆಲವು ಮಳಿಗೆಗಳಿದ್ದವು. ಕೊನೆಯದು ಬಣ್ಣದ ಮೀನಿನ ಅಂಗಡಿ. ಶಾಲೆಯ ವಿಜ್ಞಾನದ ಕೊಠಡಿಗೆ ಒಂದು ಜೊತೆ ಚಿನ್ನದ ಮೀನು ಕೊಳ್ಳೋಣವೆಂದು ಮೇಷ್ಟ್ರು ಹೋಗಿದ್ದರು. ಬೈರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ದೊಡ್ಡ ಗಾಜಿನ ತೊಟ್ಟಿಯೊಳಗೆ ಮೊಳಕೈತನಕ ಕೈ ಇಳಿಸಿ, ಸತ್ತ ಮೀನೊಂದನ್ನು ಮೇಲಕ್ಕೆತ್ತುತ್ತಿದ್ದಳು. ಗೇಣುದ್ದದ ಮೀನು. ಮೈಯೆಲ್ಲ ಎಳೆ ಬಾಳೆಯೆಲೆಯ ಹಸಿರು, ಕೆನ್ನೆಯ ಮೇಲೆ ಕುಂಕುಮದಲ್ಲಿ ಎಳೆದಂತಹ ಗೆರೆಗಳು. ಬಾಲವಿರಬೇಕಾದಲ್ಲಿ ಬಾಲವಿರಲಿಲ್ಲ. ಒಂದು ಕಣ್ಣೂ ಇರಲಿಲ್ಲ.

"ಅಯ್ಯೋ, ಯಾರಮ್ಮಾ ಹೀಗೆ ಮಾಡಿದ್ದು?" ಎಂದರು ಮೇಷ್ಟ್ರು.

"ಅಗೋ, ಮದ್ವೆ ಗಂಡಿನಂಗೆ ಮೆರೀತಾವ್ನಲ್ಲ, ಅವ್ನು." ಬೈರಮ್ಮ ತೊಟ್ಟಿಯೊಳಗಿನ ಇನ್ನೊಂದು ಮೀನನ್ನು ಗಲ್ಲದಿಂದ ತೋರಿಸಿದಳು. "ಒಂದು ತೊಟ್ಟೀಲಿ ಒಬ್ನೇ ಗಂಡು ಇರ್ಬೇಕು ಮೇಷ್ಟ್ರೇ. ನಮ್ಮೆಜಮಾನ್ರು ಗೊತ್ತಿಲ್ದೆ ಇನ್ನೊಬ್ಬನ್ನ ತಂದು ಬಿಟ್ರು. ಬೆಳಕು ಹರೀತಿದ್ದಂಗೇ ತೀರಿಸ್ಬಿಟ್ಟ."

"ನಾನು ಮೇಷ್ಟ್ರೆಂದು ನಿನಗೆ ಹೇಗೆ ತಿಳಿಯಿತು?"

"ಕೈ ತುಂಬಾ ಸೀಮೆಸುಣ್ಣ ಮೆತ್ಕೊಂಡು ಪೊಲೀಸ್ನೋರು ಬರ್ತಾರಾ?"

ಆಗ ಮೇಷ್ಟ್ರು ಅವಳ ಮುಖವನ್ನು ನೋಡಿದರು. ಎಡ ಹುಬ್ಬು ಊದಿ, ಕಣ್ಣು ಅರ್ಧ ಮುಚ್ಚಿಕೊಂಡಿತ್ತು. ಏನಾಯಿತೆಂದು ಕೇಳಲೋ ಬೇಡವೋ ಎಂದು ಅವರು ತಡವರಿಸುವಷ್ಟರಲ್ಲಿ ಬೈರಮ್ಮನೇ ನಕ್ಕಳು. "ಮನೇಲೂ ಒಬ್ನೇ ಗಂಡು" ಎಂದು ಸತ್ತ ಮೀನನ್ನು ಕಾಗದದಲ್ಲಿ ಸುತ್ತಿದಳು.

ಅವಳ ಗಂಡ ಗಂಗಯ್ಯ ಲಾರಿ ಡ್ರೈವರು. ತೂತುಕುಡಿಯ ಉಪ್ಪನ್ನು ಬೆಂಗಳೂರಿಗೆ ತರುತ್ತಿದ್ದ. ಎಲ್ಲ ಡ್ರೈವರುಗಳಿಗೂ ಒಂದೊಂದು ಹುಚ್ಚಿರುತ್ತದೆ. ಗಂಗಯ್ಯನದು ಮೀನಿನ ಹುಚ್ಚು. ಅಲ್ಲಿಯ ಬೆಸ್ತರು ಹವಳದ ಬಂಡೆಗಳ ಸಂದಿಯಲ್ಲಿ ಬಲೆಗೆ ಬಿದ್ದ ಬಣ್ಣದ ಮೀನುಗಳನ್ನು ಅವನಿಗೆ ಕೊಡುತ್ತಿದ್ದರು. ಅವುಗಳಿಗೆ ಅವರು ತಮಿಳಿನಲ್ಲಿ ಇಟ್ಟ ಹೆಸರು ಕಿಳಿಮೀನು, ಕಿಳಿಯೆಂದರೆ ಗಿಣಿ. ಬೈರಮ್ಮನ ಬಾಯಲ್ಲಿ ಅದು ಗಿಣಿಮೀನಾಯಿತು. ಗಂಗಯ್ಯ ಲಾರಿಯ ಹಿಂದುಗಡೆ ಸಮುದ್ರದ ನೀರಿನ ಡ್ರಮ್ಮಿಟ್ಟು, ದಾರಿಯ ಪ್ರತಿಯೊಂದು ಟೀ ಅಂಗಡಿಯ ಮುಂದೆಯೂ ಇಳಿದು ನೀರನ್ನು ಕೈಯಿಂದ ಕಲಕಿ ಗಾಳಿ ಕೊಡುತ್ತಾ, ಕೂಸನ್ನು ತರುವಂತೆ ಅವನ್ನು ತರುತ್ತಿದ್ದ. ಅದೇ ಕೈ ಕುಡಿದ ದಿನ ಬೈರಮ್ಮನ ಮೇಲೆ ಏಳುತ್ತಿತ್ತು. ಮೀನು ಸತ್ತರೆ ಗಂಗಯ್ಯ ಅಳುತ್ತಿದ್ದ. ಹೆಂಡತಿಯ ತುಟಿ ಒಡೆದರೆ ಮಗ್ಗುಲು ತಿರುಗಿ ಮಲಗುತ್ತಿದ್ದ.

ಮೀನುಗಳನ್ನು ಸಾಕಿದವಳು ಬೈರಮ್ಮ. ಅವುಗಳ ನಡವಳಿಕೆಯೆಲ್ಲ ಅವಳಿಗೆ ನೋಡಿ ನೋಡಿಯೇ ತಿಳಿದದ್ದು. ಮಡಿವಾಳದ ಕೆರೆಯಂಚಿನಿಂದ ಬಸವನಹುಳುಗಳನ್ನು ಆರಿಸಿ ತಂದು ಹಾಕಿದರೆ ಗಿಣಿಮೀನು ಚಿಪ್ಪಿನ ಸಮೇತ ಬಾಯಿಗೆ ಹಾಕಿಕೊಂಡು ಗಂಟಲಲ್ಲೇ ಪುಡಿಮಾಡಿ, ಚೂರುಗಳನ್ನು ಉಗುಳುತ್ತಿತ್ತು. ದೊಡ್ಡ ಹುಳುವಾದರೆ ಬೈರಮ್ಮನೇ ತೊಟ್ಟಿಯ ಕಬ್ಬಿಣದ ಅಂಚಿನ ಮೇಲಿಟ್ಟು ಗುಂಡುಕಲ್ಲಿನಿಂದ ಟಕ್ ಟಕ್ ಎಂದು ಕುಟ್ಟಿ ಒಡೆಯುತ್ತಿದ್ದಳು. ಆ ಸದ್ದು ಕೇಳಿದರೆ ಮೀನುಗಳೆಲ್ಲ ಗಾಜಿಗೆ ಮೂತಿಯಿಟ್ಟು ನಿಲ್ಲುತ್ತಿದ್ದವು. ಅವು ನೆಗೆಯುವ ಜಾತಿ. ಮುಚ್ಚಳದ ಮೇಲೆ ಭಾರವಿಲ್ಲದಿದ್ದರೆ ನೆಲಕ್ಕೆ ಹಾರಿ ಸಾಯುತ್ತಿದ್ದವು. ಕುಟ್ಟಿದ ಮೇಲೆ ಗುಂಡುಕಲ್ಲು ಮುಚ್ಚಳವನ್ನೇರಿ ಕೂರುತ್ತಿದ್ದುದು ಅದಕ್ಕೇ. ಅದು ಅವಳ ತವರಿನ ಒರಳಿನದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಅವುಗಳ ನಿದ್ರೆ. ಹೊತ್ತು ಇಳಿಯುತ್ತಿದ್ದಂತೆಯೇ ಒಂದೊಂದಾಗಿ ತಲೆ ಕೆಳಗೆ ಮಾಡಿ ಮರಳಿಗೆ ನುಗ್ಗಿ, ಮೈಯನ್ನು ಕೊಸರಿ, ಕಾಣದಂತೆ ಹೂತುಹೋಗುತ್ತಿದ್ದವು. ದೀಪ ಹಚ್ಚುವ ವೇಳೆಗೆ ತೊಟ್ಟಿಯಲ್ಲಿ ನೀರು, ಮರಳು, ಒಂದಿಷ್ಟು ಕಲ್ಲು, ಅಷ್ಟೇ. ಬೆಳಕು ಹರಿದ ಮೇಲೆ ಮತ್ತೆ ಏಳುತ್ತಿದ್ದವು. ಬೆದರಿದರೆ ಮಾತ್ರ ಏಳುತ್ತಿರಲಿಲ್ಲ. ಒಂದು ದೀಪಾವಳಿಯ ಬಲಿಪಾಡ್ಯಮಿಯಂದು ಬಾಗಿಲ ಮುಂದೆಯೇ ಲಕ್ಷ್ಮಿ ಪಟಾಕಿ ಸಿಡಿದು, ಹಬ್ಬ ಮುಗಿದರೂ ಅವು ಮರಳಿನಿಂದ ಹೊರಗೆ ಮುಖ ತೋರಿಸಿರಲಿಲ್ಲ.

ಮಳಿಗೆಗಳ ಯಜಮಾನರು ಬೈರಸಂದ್ರದ ಚಿಕ್ಕಬೈರಪ್ಪನವರು. ಬಡಾವಣೆ ಬರುವ ಮುಂಚೆ ಆ ತಿರುವು ಅವರ ರಾಗಿ ಹೊಲ. ಹೊಲದ ನಡುವೆ ಒಂದು ಬಾವಿ, ಬಾವಿಯಲ್ಲಿ ಅವರ ತಾತ ಬಿಟ್ಟ ಮೀನು. ಬಾವಿಯಲ್ಲಿ ಮೀನು ಓಡಾಡುವ ತನಕ ಮನೆ ತಣ್ಣಗಿರುತ್ತದೆಂಬುದು ಆ ವಂಶದ ನಂಬಿಕೆ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಮೀನಿನ ಮುಖ ನೋಡಿಯೇ ಮುಂದಿನ ಕೆಲಸ. ಬಡಾವಣೆಗಾಗಿ ಬಾವಿ ಮುಚ್ಚಿದ ವರ್ಷವೇ ಅವರ ಹಿರಿಯ ಮಗ ತೀರಿಕೊಂಡ. ಆಮೇಲೆ ಒಂದು ದಿನ ಗಂಗಯ್ಯನ ಲಾರಿಯಲ್ಲಿ ಗಿಣಿಮೀನನ್ನು ಕಂಡ ಮುದುಕರು, ಬಾವಿ ಇದ್ದ ಜಾಗದಲ್ಲೇ ಎದ್ದಿದ್ದ ಕೊನೆಯ ಮಳಿಗೆಯನ್ನು ಅವನಿಗೆ ಬಿಟ್ಟುಕೊಟ್ಟರು. "ಇಲ್ಲಿ ಈ ಮೀನು ಇರೋಗಂಟ ಮಳಿಗೆ ನಿಂದು. ಮೀನು ಹೋದ ದಿನ ನಿನ್ ದಾರಿ ನಿಂಗೆ" ಎಂದರು. ಕಾಗದ ಪತ್ರವೇನೂ ಇಲ್ಲ, ಬಾಯಿ ಮಾತು. ಅಂದಿನಿಂದ ಅಮಾವಾಸ್ಯೆಯ ಬೆಳಿಗ್ಗೆ ಅವರು ಮೀನಿನ ಮುಖ ನೋಡಲು ಬರುತ್ತಿದ್ದುದು ಈ ಅಂಗಡಿಗೇ.

ಎಪ್ಪತ್ತೊಂಬತ್ತರಲ್ಲಿ ತೊಪ್ಪೂರಿನ ಘಟ್ಟದಲ್ಲಿ ಬ್ರೇಕು ಹಿಡಿಯದೆ ಲಾರಿ ಮಗುಚಿತು. ಗಂಗಯ್ಯ ಉಪ್ಪಿನ ಮೂಟೆಗಳ ಕೆಳಗೆ ಸಿಕ್ಕಿದ. ಹೆಣವನ್ನು ತಂದಾಗ ಗಾಯದ ತುಂಬ ಉಪ್ಪು ಹರಳುಗಟ್ಟಿತ್ತು. ಬೈರಮ್ಮ ಅದನ್ನೆಲ್ಲ ತಾನೇ ಬಿಸಿನೀರಿನಿಂದ ತೊಳೆದಳು. ತನ್ನನ್ನು ಹೊಡೆಯುತ್ತಿದ್ದ ಬಲಗೈಯನ್ನೂ ಬೆರಳು ಬೆರಳು ಬಿಡಿಸಿ ತೊಳೆದಳು. ಆ ಗದ್ದಲದಲ್ಲಿ ಗುಂಡುಕಲ್ಲನ್ನು ಮುಚ್ಚಳದ ಮೇಲಿಡುವುದನ್ನು ಮರೆತಿದ್ದಳು. ಮಾರನೆಯ ದಿನ ಅಂಗಡಿಗೆ ಬಂದರೆ ತೊಟ್ಟಿಯ ಗಂಡು ಹಾರಿ ನೆಲದ ಮೇಲೆ ಬಿದ್ದು, ಒಣಗಿ, ಇರುವೆ ಮುತ್ತಿತ್ತು.

ಉಳಿದದ್ದು ಹೆಣ್ಣುಗಳು. ಅವುಗಳಲ್ಲಿ ದೊಡ್ಡದನ್ನು ಬೈರಮ್ಮ ದೊಡ್ಡಕ್ಕ ಎಂದು ಕರೆಯುತ್ತಿದ್ದಳು. ಮಾಸಲು ಬಣ್ಣ, ಬೆನ್ನಿನ ರೆಕ್ಕೆಯ ಮೇಲೊಂದು ಕಪ್ಪು ಬೊಟ್ಟು, ಸಾಧು ಸ್ವಭಾವ. ಗಂಡು ಸತ್ತ ದಿನವೇ ದೊಡ್ಡಕ್ಕ ಉಳಿದವನ್ನು ಅಟ್ಟತೊಡಗಿತು. ವಾರಗಳು ಕಳೆದಂತೆ ಬೊಟ್ಟು ಮಾಸಿತು, ಮೈಗೆ ಹಸಿರೇರಿತು, ಕೆನ್ನೆಯ ಮೇಲೆ ಕುಂಕುಮದ ಗೆರೆಗಳು ಮೂಡಿದವು. ಆಮೇಲೆ ಅದು ಕಚ್ಚಲು ಶುರುಮಾಡಿತು.

"ಮೇಷ್ಟ್ರೇ, ಹೆಣ್ಣು ಗಂಡಾಯ್ತದಾ?"

ಮೇಷ್ಟ್ರು ಪುಸ್ತಕ ನೋಡಿಕೊಂಡು ಬಂದು ಹೇಳಿದರು: "ಈ ಜಾತಿಯಲ್ಲಿ ಆಗುತ್ತದೆಯಂತೆ ಬೈರಮ್ಮ. ಗಂಡು ಹೋದರೆ ದೊಡ್ಡ ಹೆಣ್ಣೇ ಗಂಡಾಗಿ ಸಂಸಾರವನ್ನು ಆಳುತ್ತದೆ."

"ಆಗ್ಲಿ, ಬೇಡ ಅಂದೋರ್ಯಾರು? ಆದ್ರೆ ಕಚ್ಚೋದ್ ಯಾಕ್ ಕಲೀಬೇಕಿತ್ತು?" ಎಂದು ಬೈರಮ್ಮ ಬಾಲ ಹರಿದ ಸಣ್ಣ ಮೀನೊಂದನ್ನು ಬೇರೆ ಗಾಜಿಗೆ ಹಾಕಿದಳು. ಗಂಗಯ್ಯನ ಜೊತೆಯ ಡ್ರೈವರುಗಳು ಅವನ ಮೇಲಿನ ಮಮತೆಯಿಂದ ಸಮುದ್ರದ ನೀರನ್ನು ತಂದು ಇಳಿಸಿ ಹೋಗುತ್ತಿದ್ದರು. ಅಂಗಡಿ ನಡೆಯಿತು.

ಗಂಗಯ್ಯನ ತಮ್ಮ ಉಗ್ರಪ್ಪ ಆ ಕಾಲಕ್ಕೆ ಸೈಟು ಕಾಯುವವನಾಗಿದ್ದ. ಜೆ.ಪಿ. ನಗರ, ಬಿ.ಟಿ.ಎಂ. ಲೇಔಟುಗಳಲ್ಲಿ ಹಗಲು ಒಬ್ಬರು ಗಡಿಕಲ್ಲು ನೆಟ್ಟರೆ ಸಂಜೆ ಇನ್ನೊಬ್ಬರು ಕಿತ್ತೆಸೆಯುತ್ತಿದ್ದರು. ನೆಡುವವರ ಕಡೆಗೂ ಕೀಳುವವರ ಕಡೆಗೂ ಆಳುಗಳು ಬೇಕು, ಕೈಯಲ್ಲಿ ಹಾರೆ ಬೇಕು. ಉಗ್ರಪ್ಪನ ಹಾರೆಯ ತುದಿ ಎಷ್ಟು ಜನರ ರಕ್ತ ಕಂಡಿತ್ತೋ! ಎಂಬತ್ತೊಂದರಲ್ಲಿ ಅವನ ಕಣ್ಣು ಅಣ್ಣನ ಅಂಗಡಿಯ ಮೇಲೆ ಬಿತ್ತು. ತಿರುವಿನ ಮಳಿಗೆ, ಸೈಟಿನ ವ್ಯವಹಾರಕ್ಕೆ ಆಫೀಸು ಮಾಡಲು ಹೇಳಿ ಮಾಡಿಸಿದಂತಿತ್ತು.

"ಅತ್ಗೆ, ಸುಮ್ನೆ ಬಿಟ್ಬಿಡು. ಅಣ್ಣಂದು ಅಂದ್ರೆ ನಂದು."

"ನಿಮ್ಮಣ್ಣಂದು ಅಂದ್ರೆ ಮೀನು ಕಣಪ್ಪ. ದಿನಾ ಹುಳ ಆರ್ಸ್ಕೊಂಡು ಬಂದು ಸಾಕು, ಬಿಟ್ಕೊಡ್ತೀನಿ."

"ಮೀನ್ ಇದ್ರೆ ತಾನೆ ನಿಂದು? ಮೀನೇ ಇಲ್ದಂಗ್ ಮಾಡಿದ್ರೆ?" ಎಂದು ಉಗ್ರಪ್ಪ ನಕ್ಕು ಹೋದ.

ಅವನು ಬಂದದ್ದು ಅಮಾವಾಸ್ಯೆಯ ಹಿಂದಿನ ಸಂಜೆ. ಬೀದಿದೀಪಗಳು ಆಗಷ್ಟೇ ಹೊತ್ತಿಕೊಂಡಿದ್ದವು. ಸಂಜೆಯಾದರೆ ಹೆಂಡದ ಗಡಂಗಿನಲ್ಲಿರುತ್ತಿದ್ದ ಉಗ್ರಪ್ಪ ಆ ಅಂಗಡಿಯನ್ನು ಹಗಲಲ್ಲದೆ ನೋಡಿದವನಲ್ಲ. ಒಳಗೆ ನುಗ್ಗಿ ಬಾಗಿಲ ಪಕ್ಕದ ಗಾಜುಗಳಿಗೆ ಹಾರೆ ಬೀಸಿದ. ಚಿನ್ನದ ಮೀನುಗಳು ನೀರಿನೊಂದಿಗೆ ನೆಲಕ್ಕೆ ಸುರಿದು ಪಟಪಟನೆ ಬಡಿದುಕೊಂಡವು. ಚಪ್ಪಲಿಯಿಂದ ಅವನ್ನು ಹೊಸಕುತ್ತಲೇ ದೊಡ್ಡ ತೊಟ್ಟಿಯ ಮುಂದೆ ಹೋಗಿ ಹಾರೆ ಎತ್ತಿದ. ಎತ್ತಿದವನು ಹಾಗೆಯೇ ನಿಂತ.

ತೊಟ್ಟಿಯಲ್ಲಿ ಮೀನಿರಲಿಲ್ಲ. ನೀರು, ಮರಳು, ಕಲ್ಲು.

"ಎಲ್ಲಮ್ಮೀ ಮೀನು?"

ಬೈರಮ್ಮ ಬಾಗಿಲ ಕಡೆಗೆ ಮುಖ ತಿರುಗಿಸಿದಳು. ಉಗ್ರಪ್ಪ ಅವಳ ತುರುಬನ್ನು ಹಿಡಿದು ಮುಖವನ್ನು ಮೇಜಿನ ಅಂಚಿಗೆ ಅಪ್ಪಳಿಸಿದ. ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಿತ್ತು.

"ಮಾರ್ಕೊಂಡ್ಯಾ? ಬಚ್ಚಿಟ್ಯಾ? ಸತ್ತೋದ್ವಾ? ಬೊಗಳು!"

ಅವಳು ಹಲ್ಲನ್ನೂ ರಕ್ತವನ್ನೂ ನುಂಗಿದಳು. 'ಅಗೋ ಮರಳಲ್ಲಿ' ಎಂದರೆ ಮುಗಿಯಿತು. ಕೆಳಗೆ ಬಿದ್ದವಳ ಎಡಗೈಯನ್ನು ಅವನು ತುಳಿದು ನಿಂತ. ಕಿರುಬೆರಳಿನ ಮೂಳೆ ಮುರಿದದ್ದು ಅವಳಿಗೆ ಕೇಳಿಸಿತು. ತೊಟ್ಟಿಯ ಕಡೆಗೆ ಒಮ್ಮೆಯೂ ಕಣ್ಣು ಹೊರಳಿಸಲಿಲ್ಲ. ಬಾಗಿಲನ್ನೇ ನೋಡುತ್ತಿದ್ದಳು. ಮೀನುಗಳನ್ನು ಎಲ್ಲೋ ಹೊರಗೆ ಸಾಗಿಸಿದ್ದಾಳೆ ಎಂದು ಅವನು ತಿಳಿಯಲಿ ಎಂದೇ ಹಾಗೆ ನೋಡಿದಳೋ ಏನೋ.

ಉಗ್ರಪ್ಪನಿಗೆ ಮೆಲ್ಲನೆ ಖುಷಿಯಾಯಿತು. "ಒಳ್ಳೇದೇ ಆಯ್ತು ಬಿಡು. ನನ್ ಕೆಲ್ಸ ನೀನೇ ಮಾಡಿದ್ಯ. ಈ ತೊಟ್ಟಿ ಹಿಂಗೇ ಇರ್ಲಿ. ನಾಳೆ ಯಜಮಾನ್ರೇ ಬಂದು ಖಾಲಿ ತೊಟ್ಟಿ ನೋಡ್ಲಿ." ಹಾರೆಯನ್ನು ಹೆಗಲಿಗೇರಿಸಿ, ಅವಳನ್ನು ಹೊರಗೆಳೆದು, ಬಾಗಿಲಿಗೆ ತನ್ನ ಬೀಗವನ್ನೇ ಜಡಿದ, ಅವಳು ಎಲ್ಲಿಂದಲೋ ಮೀನು ತಂದು ತುಂಬಬಾರದಲ್ಲ!

ತೊಟ್ಟಿಗೆ ಗಾಳಿಯೂದುವ ಕರೆಂಟಿನ ಪಂಪು ಒಳಗೆ ಗುಂಯ್‌ಗುಡುತ್ತಿತ್ತು. ಅದು ನಿಂತರೆ ಮೀನು ಸಾಯುತ್ತವೆ. ಅದನ್ನು ಆರಿಸಬೇಡವೆಂದು ಕೇಳುವಂತಿಲ್ಲ. ಕೇಳಿದರೆ ಗುಟ್ಟು ಬಯಲಾಗುತ್ತದೆ. ಉಗ್ರಪ್ಪ ಅದನ್ನು ಗಮನಿಸದೆ ಹೋದ. ಬೆಳಗಾಗುವವರೆಗೂ ಬೈರಮ್ಮ ಜಗಲಿಯ ಮೇಲೆ ಮುಚ್ಚಿದ ಬಾಗಿಲಿಗೆ ಕಿವಿಯೊತ್ತಿ ಕುಳಿತಿದ್ದಳು.

ಬೆಳಿಗ್ಗೆ ಚಿಕ್ಕಬೈರಪ್ಪನವರು ಮಿಂದು, ವಿಭೂತಿ ಧರಿಸಿ, ಕೋಲೂರಿಕೊಂಡು ಬಂದರು. ಬೀದಿಯವರೆಲ್ಲ ಸೇರಿದ್ದರು. ಶಾಲೆಗೆ ಹೊರಟಿದ್ದ ಮೇಷ್ಟ್ರೂ ನಿಂತರು.

"ಯಾರ್ಲಾ ಹೊಡ್ದಿದ್ದು ಈ ಹೆಣ್ಮಗಳ್ನ?" ಎಂದು ಬಾಗಿಲಲ್ಲಿ ನಿಂತಿದ್ದ ಉಗ್ರಪ್ಪನನ್ನು ಕೇಳಿದರು.

"ಕಾಲ್ ಜಾರಿ ಬಿದ್ಲು ಯಜಮಾನ್ರೇ. ಗಾಜೆಲ್ಲ ಒಡೆದಾಕಿ ಅದ್ರ ಮೇಲೇ ಬಿದ್ಲು" ಎಂದು ಉಗ್ರಪ್ಪ ಬೀಗ ತೆಗೆದ. "ಬನ್ನಿ, ನೀವೇ ನೋಡಿ. ಮೀನಿಲ್ಲ, ಮಣ್ಣಿಲ್ಲ. ಬರೀ ಮರಳು."

ಪಂಪು ನಡೆಯುತ್ತಿತ್ತು. ಬೆಳಕು ಬಂದು ಬಹಳ ಹೊತ್ತಾಗಿತ್ತು. ಆದರೂ ತೊಟ್ಟಿ ಖಾಲಿ. ಬೈರಮ್ಮನಿಗೆ ತಕ್ಷಣ ತಿಳಿಯಿತು: ಮೀನುಗಳು ಗಾಜೊಡೆದ ಸದ್ದಿಗೆ ಬೆದರಿದ್ದವು. ಪಟಾಕಿಯ ದಿನದಂತೆಯೇ ಆಗಿತ್ತು.

ಚಿಕ್ಕಬೈರಪ್ಪನವರ ಮುಖ ಬೆಳ್ಳಗಾಯಿತು. ಮುಚ್ಚಿದ ಬಾವಿಯೇ ಅವರ ಕಣ್ಣ ಮುಂದೆ ಬಂದಿರಬೇಕು. "ಮಾತು ಮಾತೇ ಕಣಮ್ಮ" ಎಂದರು, ಮೆಲ್ಲಗೆ.

"ಒಂದೇ ಒಂದು ಹುಳ ಹಾಕೋಕ್ ಬಿಡಿ ಯಜಮಾನ್ರೇ. ಆಮೇಲೆ ಬೀಗದಕೈ ಅವನ್ಗೇ ಕೊಡಿ" ಎಂದಳು ಬೈರಮ್ಮ. ಊದಿದ ಬಾಯಿಂದ ಮಾತು ತೊದಲುತ್ತಿತ್ತು.

"ಮರಳಿಗೆ ಊಟ ಹಾಕ್ತಾಳಂತೆ! ಇನ್ನೊಂದ್ ಸ್ವಲ್ಪ ಹೊತ್ತಿಗೆ ಗೋಡೆಗೂ ಹಾಕ್ತಾಳೆ" ಎಂದು ಉಗ್ರಪ್ಪ ಜನರ ಕಡೆಗೆ ತಿರುಗಿ ನಕ್ಕ.

ಅವಳು ಮುಚ್ಚಳ ಸರಿಸಿ, ಕಬ್ಬಿಣದ ಅಂಚಿನ ಮೇಲೆ ಡಬ್ಬಿಯಲ್ಲಿದ್ದ ಹುಳುವೊಂದನ್ನಿಟ್ಟು, ಬಲಗೈಯಲ್ಲಿ ಗುಂಡುಕಲ್ಲು ಹಿಡಿದು ಕುಟ್ಟಿದಳು. ಟಕ್ ಟಕ್. ಏನೂ ಆಗಲಿಲ್ಲ. ಮತ್ತೆ ಕುಟ್ಟಿದಳು. ಚಿಪ್ಪು ಒಡೆದು ರಸ ನೀರಿಗಿಳಿಯಿತು. ಮುದುಕರು ಕೋಲನ್ನೂರಿ ಹೊರಡಲು ತಿರುಗಿದರು.

ಮರಳು ಅಲುಗಿತು. ಮೊದಲು ಒಂದು ಕಣ್ಣು, ಆಮೇಲೆ ಕುಂಕುಮದ ಗೆರೆಗಳ ಕೆನ್ನೆ. ದೊಡ್ಡಕ್ಕ ಮೈ ಕೊಡವಿಕೊಂಡು ಬಾಣದಂತೆ ಮೇಲೆದ್ದು, ಚಿಪ್ಪಿನ ಚೂರುಗಳನ್ನು ಕಟಕಟನೆ ಅಗಿಯತೊಡಗಿತು. ಅದರ ಹಿಂದೆಯೇ ಅಲ್ಲೊಂದು ಇಲ್ಲೊಂದು ಮರಳು ಚಿಮ್ಮಿ ಉಳಿದವೂ ಎದ್ದವು.

"ಬಂದ್ಯಾ ನನ್ನವ್ವ" ಎಂದು ಚಿಕ್ಕಬೈರಪ್ಪನವರು ಎರಡು ಕೈಗಳನ್ನೂ ಜೋಡಿಸಿದರು. ಬೀದಿಯವರು ಹೋ ಎಂದರು. ಯಾರೋ "ಏನ್ ಉಗ್ರಪ್ಪಾ, ಗೋಡೆಗೂ ಊಟ ಹಾಕ್ಲಾ?" ಎಂದು ಕೂಗಿದರು.

ಉಗ್ರಪ್ಪ ತಾನು ತಂದು ಗೋಡೆಗೊರಗಿಸಿದ್ದ ಹಾರೆಯನ್ನು ಎಳೆದುಕೊಂಡು, ಯಜಮಾನರ ಎದುರಿಗೇ ತೊಟ್ಟಿಗೆ ಬೀಸಿದ. ಬೈರಮ್ಮನ ಕೈಯಲ್ಲಿ ಗುಂಡುಕಲ್ಲು ಇನ್ನೂ ಇತ್ತು. ಹಾರೆ ಗಾಜಿಗೆ ತಾಕುವ ಮುಂಚೆ ಕಲ್ಲು ಅವನ ಮಣಿಕಟ್ಟಿಗೆ ಬಿತ್ತು. ಮೂಳೆ ಬಸವನಹುಳುವಿನ ಚಿಪ್ಪಿನಂತೆಯೇ ಸದ್ದು ಮಾಡಿತು. ಹಾರೆ ನೆಲಕ್ಕುರುಳಿತು. ಅವನು ಎಡಗೈಯಿಂದ ಅವಳ ಕೊರಳು ಹಿಡಿದ. ಎರಡನೆಯ ಏಟು ಮೊಣಕಾಲಿಗೆ. ಉಗ್ರಪ್ಪ ಒಡೆದ ಗಾಜಿನ ಮೇಲೆ ಕುಸಿದು, ಎತ್ತು ಕೂಗಿದಂತೆ ಕೂಗಿದ.

ಬೈರಮ್ಮ ಮೂರನೆಯ ಸಲ ಕಲ್ಲೆತ್ತಿದಳು. ಈ ಸಲ ಅದು ಅವನ ತಲೆಯ ಮೇಲೆ ನಿಂತಿತ್ತು. ಅವಳ ಕಣ್ಣಿನಲ್ಲಿ ಗಂಗಯ್ಯನೂ ಇದ್ದ, ಉಗ್ರಪ್ಪನೂ ಇದ್ದ. "ಬೈರಮ್ಮಾ!" ಎಂದು ಮೇಷ್ಟ್ರು ಕೂಗಿದ್ದು ಅವಳಿಗೆ ಕೇಳಿಸಲೇ ಇಲ್ಲ. ಕೇಳಿಸಿದ್ದು ಬೆನ್ನ ಹಿಂದೆ ನೀರು ಚಿಮ್ಮಿದ ಸದ್ದು. ಮುಚ್ಚಳ ತೆರೆದೇ ಇದೆ, ಮೀನು ನೆಗೆಯುತ್ತದೆ! ತಟ್ಟನೆ ತಿರುಗಿದಳು. ಮುಚ್ಚಳವನ್ನೆಳೆದು, ಎತ್ತಿದ್ದ ಕಲ್ಲನ್ನು ಅದರ ಮೇಲಿಟ್ಟಳು. ಅಲ್ಲೇ ಕುಕ್ಕರಿಸಿ ಕೂತು, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು.

ಪೊಲೀಸ್ ಸ್ಟೇಷನ್ನಿಗೆ ಯಾರೂ ಹೋಗಲಿಲ್ಲ. "ಇಬ್ರೂ ಕಾಲ್ ಜಾರಿ ಬಿದ್ರು" ಎಂದು ಯಜಮಾನರು ತೀರ್ಪು ಕೊಟ್ಟರು. ಮೇಷ್ಟ್ರು ಅವಳನ್ನು ಆಟೋದಲ್ಲಿ ವಿಲ್ಸನ್ ಗಾರ್ಡನ್ನಿಗೆ ಕರೆದೊಯ್ದು ಮುರಿದ ಬೆರಳಿಗೆ ಪುತ್ತೂರು ಕಟ್ಟು ಹಾಕಿಸಿದರು. ಅದೇ ವಾರ ಚಿಕ್ಕಬೈರಪ್ಪನವರು ಮಳಿಗೆಯನ್ನು ಅವಳ ಹೆಸರಿಗೇ ಬರೆದುಕೊಟ್ಟರು. ಮೀನಿದ್ದರೂ ಅವಳದು, ಇಲ್ಲದಿದ್ದರೂ ಅವಳದು.

ಮಣಿಕಟ್ಟು ತಿರುಗದ ಉಗ್ರಪ್ಪನನ್ನು ಸೈಟಿನವರು ಮತ್ತೆ ಕರೆಯಲಿಲ್ಲ. ಅವನು ಬೊಮ್ಮನಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಕಾವಲಿಗೆ ಸೇರಿದ. ಮರುವರ್ಷ ಸೈಟಿನ ಹೊಡೆದಾಟವೊಂದರಲ್ಲಿ ಅವನ ಹಳೆಯ ಜೊತೆಗಾರರು ಕೊಚ್ಚಿಸಿಕೊಂಡು ಸತ್ತರೆಂಬ ಸುದ್ದಿ ಬಂದಾಗ ಮೇಷ್ಟ್ರು, "ನಿನ್ನ ಕಲ್ಲೇ ಅವನ ಪ್ರಾಣ ಉಳಿಸಿತಲ್ಲ ಬೈರಮ್ಮ" ಎಂದರು.

"ಉಳಿಸೋಕೆ ಹೊಡೀಲಿಲ್ಲ ಮೇಷ್ಟ್ರೇ" ಎಂದಳು ಅವಳು.

ದೊಡ್ಡಕ್ಕ ಇನ್ನೂ ಕೆಲವು ವರ್ಷ ಬದುಕಿತು. ಅದು ಸತ್ತಾಗ ಅದರ ಕೆಳಗಿನ ಹೆಣ್ಣು ಬಣ್ಣ ಬದಲಿಸಿತು. ಅದೂ ಕಚ್ಚುವುದನ್ನು ಕಲಿಯಿತು. ಬೈರಮ್ಮ ಬೈಯುತ್ತಲೇ ಸಾಕಿದಳು.

ಈಗ ಅವಳಿಗೆ ಎಂಬತ್ತರ ಹತ್ತಿರ. ಸಮುದ್ರದ ಉಪ್ಪು ಪೊಟ್ಟಣದಲ್ಲೇ ಸಿಗುತ್ತದೆ, ಲಾರಿಯಲ್ಲಿ ನೀರು ತರಬೇಕಾಗಿಲ್ಲ. ಜೆ.ಪಿ. ನಗರದ ಫ್ಲಾಟುಗಳವರು ಬಂದು ಗಿಣಿಮೀನು ಕೊಂಡು ಹೋಗುತ್ತಾರೆ. ಕೊಂಡ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಯ ಫೋನು ಬಡಿದುಕೊಳ್ಳುತ್ತದೆ. ಬೈರಮ್ಮ ಬಾಗದ ಕಿರುಬೆರಳಿನ ಕೈಯಲ್ಲಿ ಫೋನನ್ನು ಕಿವಿಗಿಟ್ಟುಕೊಂಡು, ಆ ಕಡೆಯವರ ಗಾಬರಿಯನ್ನೆಲ್ಲ ಪೂರ್ತಿ ಕೇಳಿಸಿಕೊಂಡು ಹೇಳುತ್ತಾಳೆ:

"ಎಲ್ಲೂ ಹೋಗಿಲ್ಲ ಸಾರ್, ಅಲ್ಲೇ ಅವೆ. ಮರಳಿಗೆ ಕೈ ಹಾಕ್ಬೇಡಿ. ಮನೇಲಿ ಯಾರೂ ಜಗಳ ಆಡ್ಬೇಡಿ, ಸದ್ದಾದ್ರೆ ಏಳಲ್ಲ. ಮುಚ್ಚಳದ ಮೇಲೆ ಒಂದು ಕಲ್ಲಿಡಿ. ಬೆಳಿಗ್ಗೆ ನೋಡಿ."